ಹೊದಿಕೆ ಕಿತ್ತು ಹಾಕಬೇಡಿ: ಹಳೆಯ ಪತ್ರಿಕೆಗಳ ಜೊತೆ ವಿಜಯಪುರದ ಚಳಿಗಾಲ

(ವಿಜಯಪುರದಲ್ಲಿ ಜನವರಿಯ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸಂಕ್ರಮಣ ಹತ್ತಿರ ಬಂತು. ಸಿದ್ಧೇಶ್ವರ ಜಾತ್ರೆಯ ತಯಾರಿ ಊರ ತುಂಬ ನಡೆದಿದೆ. ಹೊರಗೆ ಥಂಡಿಯೂ ಜೋರಾಗಿದೆ. ಇಂಥದರಲ್ಲಿ ಶಾಲು, ಮಫ್ಲರ್ ಸುತ್ತಿಕೊಂಡು ಹಳೆಯ ಪತ್ರಿಕೆಗಳ ವಿಷಯ ಕೇಳಲು ಇಷ್ಟು ಜನ ಬಂದಿದ್ದೀರಿ. ತುಂಬ ಸಂತೋಷ. ನನ್ನನ್ನು ಕರೆಯಲು ಬಂದವರು, "ದೊಡ್ಡ ಭಾಷಣ ಬ್ಯಾಡ್ರಿ ಸರ್, ಈ ದಿನದಾಗ ನೀವು ಆ ಪತ್ರಿಕಿಗೋಳ ಜೋಡಿ ಏನ್ ಮಾಡ್ತೀರಿ ಅಷ್ಟು ಹೇಳ್ರಿ" ಅಂದಿದ್ದರು. ಹಾಗೇ ಮಾತಾಡುತ್ತೇನೆ.

ನಾನು ಹೇಳುವುದು ದಿನಪತ್ರಿಕೆಗಳ ಬಗ್ಗೆ ಅಲ್ಲ. ಮಾಸಿಕ, ತ್ರೈಮಾಸಿಕ, ಸಂಶೋಧನ ಪತ್ರಿಕೆ, ಇವು. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ 1896ರಲ್ಲಿ ಶುರು ಮಾಡಿದ ‘ವಾಗ್ಭೂಷಣ’, 1919ರ ‘ಪ್ರಬುದ್ಧ ಕರ್ನಾಟಕ’, ಆಲೂರು ವೆಂಕಟರಾಯರ ‘ಜಯ ಕರ್ನಾಟಕ’, ನಮ್ಮದೇ ಊರಿನ ‘ಶಿವಾನುಭವ’. ಇಂಗ್ಲಿಷಿನಲ್ಲಿ ‘ಇಂಡಿಯನ್ ಆಂಟಿಕ್ವರಿ’. ಕೆಲಸದ ಲೆಕ್ಕದಲ್ಲಿ ನಾನು ವಿಶ್ವವಿದ್ಯಾಲಯದ ಮೇಷ್ಟ್ರು. ಆದರೆ ಇವುಗಳ ನಡುವೆ ಕೂತಾಗಲೇ ನನಗೆ ಜಾಸ್ತಿ ನೆಮ್ಮದಿ.

ಚಳಿಗಾಲದಲ್ಲಿ ನನ್ನ ಓದು ಬೆಳಿಗ್ಗೆ, ಬಿಸಿಲು ಏರುವ ಮೊದಲು. ಚಹಾ ಕುಡಿದು, ಕೈ ಒರೆಸಿಕೊಂಡು, ಅಡುಗೆಮನೆಯಿಂದ ದೂರ ಇರುವ ಮೇಜಿಗೆ ಹೋಗುತ್ತೇನೆ. ಬೆಳಗಿನ ಹೊತ್ತು ತಲೆ ಚುರುಕಾಗಿರುತ್ತದೆ ಅಂತ ಕೆಲವರು ತಿಳಿದಿದ್ದಾರೆ. ಅದಲ್ಲ. ಕಾರಣ ಇರುವುದು ಕಾಗದದಲ್ಲಿ. ಕಾಗದ ಸುತ್ತಲಿನ ಗಾಳಿಯಿಂದ ತೇವ ಎಳೆದುಕೊಳ್ಳುತ್ತದೆ, ಗಾಳಿ ಒಣಗಿದರೆ ತೇವ ಬಿಟ್ಟುಕೊಡುತ್ತದೆ. ತೇವ ಹೋದ ಹಳೆಯ ಕಾಗದ ಬಾಗುವುದಿಲ್ಲ, ಮುರಿಯುತ್ತದೆ. ನಮ್ಮ ಕಡೆ ಡಿಸೆಂಬರ್, ಜನವರಿಯ ಒಣಹವೆ ನಿಮಗೆ ಗೊತ್ತೇ ಇದೆ. ತುಟಿ ಒಡೆಯುತ್ತದೆ, ಹಿಮ್ಮಡಿ ಬಿರಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಗಾಳಿಯಲ್ಲಿ ತೇವ ತೀರಾ ಕಡಿಮೆ. ಬೆಳಿಗ್ಗೆ ಇನ್ನೂ ಸ್ವಲ್ಪ ಉಳಿದಿರುತ್ತದೆ. ಪುಟದ ಅಂಚು ಆಗ ಒಂದಿಷ್ಟು ಮೆತ್ತಗಿರುತ್ತದೆ. ಅಷ್ಟರಲ್ಲೇ ತಿರುವುವ ಪುಟ ತಿರುವಿ ಮುಗಿಸಬೇಕು. ಮಧ್ಯಾಹ್ನ ಅದೇ ಪುಟ ಮುಟ್ಟಿದರೆ ಮೂಲೆ ಕೈಯಲ್ಲೇ ಬರುತ್ತದೆ.

ಹಳೆಯದೆಲ್ಲ ಒಂದೇ ಥರ ಹಾಳಾಗುವುದಿಲ್ಲ. ತುಂಬ ಹಿಂದೆ ಕಾಗದವನ್ನು ಹಳೆಯ ಬಟ್ಟೆಯ ಚಿಂದಿಯಿಂದ ಮಾಡುತ್ತಿದ್ದರು. ಅದು ಇನ್ನೂರು ವರ್ಷವಾದರೂ ತಡೆಯುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಮರದ ತಿರುಳಿನ ಕಾಗದ ಅಗ್ಗವಾಗಿ ಸಿಗತೊಡಗಿತು. ಮರದಲ್ಲಿ ಲಿಗ್ನಿನ್ ಅನ್ನುವ ಅಂಶ ಇದೆ. ಬೆಳಕು, ಗಾಳಿ ತಾಗಿದರೆ ಅದು ಹಳದಿ ಆಗುತ್ತದೆ. ಮಸಿ ಹರಡಬಾರದು ಅಂತ ಕಾಗದಕ್ಕೆ ರಾಳ ಮತ್ತು ಪಟಿಕ ಸೇರಿಸುತ್ತಿದ್ದರು. ಆ ಪಟಿಕದಿಂದ ಕಾಗದದೊಳಗೆ ಆಮ್ಲ ಉಳಿಯುತ್ತದೆ. ಕಾಗದ ತನ್ನೊಳಗಿನ ಆಮ್ಲದಿಂದಲೇ ನಿಧಾನಕ್ಕೆ ಸವೆಯುತ್ತದೆ. ಅದಕ್ಕೇ 1940ರ ಸಂಚಿಕೆಗಿಂತ 1840ರ ಪುಸ್ತಕ ಗಟ್ಟಿಯಾಗಿ ಉಳಿದಿರುವುದನ್ನು ನೀವು ಎಷ್ಟೋ ಕಡೆ ನೋಡಬಹುದು. ನಮ್ಮ ಸಾಹಿತ್ಯ ಪತ್ರಿಕೆಗಳೆಲ್ಲ ಹುಟ್ಟಿ ಬೆಳೆದದ್ದು ಸರಿಯಾಗಿ ಈ ಕೆಟ್ಟ ಕಾಗದದ ಕಾಲದಲ್ಲಿ. ಅವುಗಳ ಆಯುಷ್ಯ ಇಷ್ಟೇ ಅಂತ ಮುದ್ರಣದ ದಿನವೇ ಬರೆದಿಟ್ಟಂತೆ ಆಗಿದೆ. ಈ ವಿಷಯದಲ್ಲಿ ನನಗೆ ಅವಸರ ಇರುವುದು ಅದಕ್ಕೇ.

ಈಗ ‘ಶಿವಾನುಭವ’ದ ಮಾತು. ಈ ಊರಿನಲ್ಲಿ ನಿಂತು ಅದನ್ನು ಬಿಟ್ಟು ಮಾತಾಡಲು ಸಾಧ್ಯವಿಲ್ಲ. ಫ.ಗು. ಹಳಕಟ್ಟಿಯವರು ಇಲ್ಲಿ ವಕೀಲರಾಗಿದ್ದರು. ತಾಳೆಗರಿ ಹುಡುಕಿಕೊಂಡು ಊರೂರು ತಿರುಗಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಗಾವಿಯಲ್ಲಿ ಅಚ್ಚು ಹಾಕಿಸಿದರು. ಆಮೇಲೆ, ಪ್ರತಿ ಸಲ ಬೇರೆ ಊರಿಗೆ ಯಾಕೆ ಹೋಗಬೇಕು ಅಂತ 1925ರಲ್ಲಿ ಇಲ್ಲೇ ‘ಹಿತಚಿಂತಕ’ ಮುದ್ರಣಾಲಯ ಹಾಕಿದರು. ಅದಕ್ಕಾಗಿ ಇದ್ದ ಮನೆಯನ್ನೇ ಮಾರಿದರು. 1926ರಲ್ಲಿ ‘ಶಿವಾನುಭವ’ ತ್ರೈಮಾಸಿಕ ಶುರುವಾಯಿತು, ಮುಂದೆ ಮಾಸಿಕ ಆಯಿತು. ಮೂರು ದಶಕಕ್ಕೂ ಹೆಚ್ಚು ಕಾಲ ನಡೆಯಿತು. ಅದೇ 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಮರುವರ್ಷ ‘ನವಕರ್ನಾಟಕ’ ಅನ್ನುವ ವಾರಪತ್ರಿಕೆಯನ್ನೂ ತಂದರು. ಬರಗಾಲದ ಈ ಜಿಲ್ಲೆಯಲ್ಲಿ, ವಕೀಲಿಕೆ, ಶಾಲೆ, ಸಹಕಾರಿ ಬ್ಯಾಂಕು ಎಲ್ಲಾ ನೋಡಿಕೊಳ್ಳುತ್ತ, ಒಬ್ಬ ಮನುಷ್ಯ ಇಷ್ಟೆಲ್ಲಾ ಮಾಡಿದರು ಅಂದರೆ ನಂಬುವುದೇ ಕಷ್ಟ.

ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಹಳಕಟ್ಟಿಯವರು ಹುಟ್ಟಿದ್ದು ಧಾರವಾಡದಲ್ಲಿ, 1880ರ ಜುಲೈ 2ರಂದು. ಬಾಳಿ ದುಡಿದದ್ದು ವಿಜಯಪುರದಲ್ಲಿ. ಆಲೂರು ವೆಂಕಟರಾಯರು ಹುಟ್ಟಿದ್ದು ನಮ್ಮ ವಿಜಯಪುರದಲ್ಲಿ, ಅದೇ ತಿಂಗಳ 12ರಂದು. ದುಡಿದದ್ದು ಧಾರವಾಡದಲ್ಲಿ. ಇಬ್ಬರ ನಡುವೆ ಹತ್ತೇ ದಿನದ ಅಂತರ. ಇಬ್ಬರೂ ವಕೀಲಿಕೆ ಓದಿದವರು, ಇಬ್ಬರೂ ಕೈಯಿಂದ ದುಡ್ಡು ಹಾಕಿ ಪತ್ರಿಕೆ ನಡೆಸಿದವರು. ತೀರಿಕೊಂಡದ್ದೂ ಒಂದೇ ವರ್ಷ, 1964ರಲ್ಲಿ. ನಮ್ಮ ಎರಡು ಊರುಗಳು ಒಬ್ಬೊಬ್ಬರನ್ನು ಅದಲು ಬದಲು ಮಾಡಿಕೊಂಡವು ಅನ್ನಿ.

ಸರಿ, ಹಳಕಟ್ಟಿಯವರ ಬರಹಗಳೆಲ್ಲ ಈಗ ಸಮಗ್ರ ಸಂಪುಟಗಳಾಗಿ ಬಂದಿವೆಯಲ್ಲ, ಹಳೆಯ ಸಂಚಿಕೆ ಯಾಕೆ ಬೇಕು? ನನ್ನ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಇದು. ಇವತ್ತು ನಾನು ಹೇಳಬೇಕಾಗಿರುವುದೂ ಇಷ್ಟೇ. ಪತ್ರಿಕೆ ಅಂದರೆ ಅದರಲ್ಲಿನ ಲೇಖನಗಳ ಗಂಟಲ್ಲ. ಸಂಪುಟ ತರುವವರು ಲೇಖನ ತೆಗೆದುಕೊಳ್ಳುತ್ತಾರೆ, ಅದು ಅವರ ಕೆಲಸ, ಬಹಳ ಒಳ್ಳೆಯ ಕೆಲಸ. ಆದರೆ ಆ ಲೇಖನದ ಹಿಂದೆ ಮುಂದೆ ಏನಿತ್ತು? ಸಂಪಾದಕರ ಅರಿಕೆ, ಚಂದಾ ಬಾಕಿಯ ವಿನಂತಿ, ಜಾಹೀರಾತು, ಬಂದ ಪುಸ್ತಕಗಳ ಪಟ್ಟಿ, ಕೊನೆಯಲ್ಲಿ ಮುದ್ರಕರ ಹೆಸರಿನ ಸಾಲು. ಇವೆಲ್ಲ ಬಹುತೇಕ ಹೊದಿಕೆಯ ಪುಟಗಳಲ್ಲೇ ಇರುತ್ತಿದ್ದವು. ಗ್ರಂಥಾಲಯಗಳಲ್ಲಿ ವರ್ಷದ ಸಂಚಿಕೆಗಳನ್ನು ಒಟ್ಟಿಗೆ ಬೈಂಡ್ ಮಾಡುವಾಗ ಮೊದಲು ಕಿತ್ತು ಹಾಕುವುದೇ ಆ ಹೊದಿಕೆಯನ್ನು. ದಪ್ಪ ಕಡಿಮೆ ಆಗುತ್ತದೆ, ನೋಡಲು ಅಚ್ಚುಕಟ್ಟು. ರೆಕ್ಸಿನ್ ಬೆನ್ನಿನ ಮೇಲೆ ಚಿನ್ನದ ಅಕ್ಷರದಲ್ಲಿ ಸಂಪುಟ ಸಂಖ್ಯೆ ಬರೆದರೆ ಮುಗಿಯಿತು. ಒಳಗೆ ನೋಡಿದರೆ ಯಾವ ಸಂಚಿಕೆ ಯಾವ ತಿಂಗಳದ್ದು ಅಂತಲೇ ಗೊತ್ತಾಗುವುದಿಲ್ಲ. ಕಳೆದ ವಾರ ನಮ್ಮ ವಿಭಾಗದ ಒಬ್ಬ ವಿದ್ಯಾರ್ಥಿನಿ ಅಂಥದೊಂದು ಸಂಪುಟ ಹಿಡಿದುಕೊಂಡು ಬಂದಳು. "ಸರ್, ಇದರಾಗ ತಾರೀಖು ಎಲ್ಲೂ ಇಲ್ಲಲ್ರೀ, ಅಡಿಟಿಪ್ಪಣಿ ಹೆಂಗ್ ಹಾಕ್ಲಿ?" ಅಂದಳು. ತಾರೀಖು ಇದ್ದದ್ದು ಹೊದಿಕೆಯ ಮೇಲೆ. ಹೊದಿಕೆ ಯಾವತ್ತೋ ರದ್ದಿಗೆ ಹೋಗಿದೆ.

ಆ ಹೊದಿಕೆಯಲ್ಲಿ ಏನೇನು ಇರುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ‘ಸಾದರ ಸ್ವೀಕಾರ’ ಅನ್ನುವ ಪಟ್ಟಿಯನ್ನೇ ತೆಗೆದುಕೊಳ್ಳಿ. ಒಂದು ಪತ್ರಿಕೆಯವರು ಇನ್ನೊಂದು ಪತ್ರಿಕೆಗೆ ತಮ್ಮ ಸಂಚಿಕೆ ಕಳಿಸುತ್ತಿದ್ದರು, ಅವರದನ್ನು ಇವರು ತರಿಸಿಕೊಳ್ಳುತ್ತಿದ್ದರು. ಬಂದವುಗಳ ಹೆಸರು ಅಚ್ಚು ಹಾಕುತ್ತಿದ್ದರು. ಆ ಪಟ್ಟಿಯಲ್ಲಿ ಈಗ ಒಂದು ಹಾಳೆಯೂ ಸಿಗದ ಪತ್ರಿಕೆಗಳ ಹೆಸರು ಬರುತ್ತದೆ. ಅಂಥದೊಂದು ಪತ್ರಿಕೆ ಇತ್ತು, ಇಂಥ ಊರಿನಿಂದ ಬರುತ್ತಿತ್ತು ಅನ್ನುವುದಕ್ಕೆ ಆ ಒಂದು ಸಾಲೇ ಸಾಕ್ಷಿ. ನನಗೆ ಪ್ರತಿ ಸಲ ಆ ಪಟ್ಟಿ ಓದುವಾಗ ಎದೆ ಬಡಿತ ಜೋರಾಗುತ್ತದೆ. ಸುಮ್ನೆ ಹೇಳುತ್ತಿಲ್ಲ.

ಆಮೇಲೆ ಚಂದಾದ ಮಾತು. ವಿ.ಪಿ. ಮಾಡಿ ಕಳಿಸುವುದು ಅಂತ ಒಂದು ಪದ್ಧತಿ ಇತ್ತು, ಹಿರಿಯರಿಗೆ ನೆನಪಿರಬೇಕು. ಅಂಚೆಯವರು ಮನೆ ಬಾಗಿಲಿಗೆ ಸಂಚಿಕೆ ತರುತ್ತಾರೆ, ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕು. ಓದುಗರು ಬೇಡ ಅಂತ ತಿರುಗಿ ಕಳಿಸಿದರೆ ಹೋಗಿ ಬರುವ ಅಂಚೆ ಖರ್ಚು ಸಂಪಾದಕರ ತಲೆಗೆ. ದಯಮಾಡಿ ವಿ.ಪಿ. ಹಿಂತಿರುಗಿಸಬೇಡಿ ಅನ್ನುವ ವಿನಂತಿ ಹಳೆಯ ಹೊದಿಕೆಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಒಳಗಿನ ಪುಟದಲ್ಲಿ ಗಂಭೀರವಾದ ಸಂಶೋಧನೆ. ಹೊರಗಿನ ಪುಟದಲ್ಲಿ ಮುಂದಿನ ತಿಂಗಳ ಕಾಗದಕ್ಕೆ ದುಡ್ಡು ಹೊಂದಿಸುವ ಚಿಂತೆ. ಎರಡನ್ನೂ ಬರೆದ ಕೈ ಒಂದೇ. ಎರಡನ್ನೂ ಒಟ್ಟಿಗೆ ನೋಡದೆ ಆ ಮನುಷ್ಯರ ದುಡಿಮೆ ನಮಗೆ ಅರ್ಥ ಆಗುವುದಾದರೂ ಹೇಗೆ, ಅಲ್ವಾ?

ಇನ್ನು ವಿಳಾಸದ ಚೀಟಿ. ಕೆಲವು ಸಂಚಿಕೆಗಳ ಮೇಲೆ ಅದು ಹಾಗೇ ಅಂಟಿಕೊಂಡು ಉಳಿದಿರುತ್ತದೆ. 1956ಕ್ಕಿಂತ ಮೊದಲು ಕನ್ನಡನಾಡು ಹೇಗೆ ಹರಿದು ಹಂಚಿಹೋಗಿತ್ತು ನೋಡಿ. ವಿಜಯಪುರ, ಬೆಳಗಾವಿ, ಧಾರವಾಡ ಮುಂಬಯಿ ಪ್ರಾಂತಕ್ಕೆ. ಕಲಬುರಗಿ, ರಾಯಚೂರು ನಿಜಾಮರಿಗೆ. ಬಳ್ಳಾರಿ, ಮಂಗಳೂರು ಮದರಾಸಿಗೆ. ಮೈಸೂರು ಬೇರೆ, ಕೊಡಗು ಬೇರೆ. ಇಲ್ಲೇ ಪಕ್ಕದ ಜಮಖಂಡಿ, ಮುಧೋಳ ಬೇರೆ ಬೇರೆ ಸಂಸ್ಥಾನಗಳು. ಇಷ್ಟು ಗಡಿಗಳನ್ನು ದಾಟಿ ಅಂಚೆಯಲ್ಲಿ ಓಡಾಡುತ್ತಿದ್ದದ್ದು ಈ ಪತ್ರಿಕೆಗಳು. ಏಕೀಕರಣದ ಚರಿತ್ರೆ ಬರೆಯುವಾಗ ನಾವು ಸಭೆ, ನಿರ್ಣಯ, ಮೆರವಣಿಗೆ ಎಲ್ಲಾ ಲೆಕ್ಕಕ್ಕೆ ಹಿಡಿಯುತ್ತೇವೆ. ಒಂದು ಹರಕು ಚೀಟಿಯ ಮೇಲೆ ಯಾವುದೋ ಹಳ್ಳಿಯ ಹೆಸರು, ಅದರ ಕೆಳಗೆ ಸಂಸ್ಥಾನದ ಹೆಸರು ಇದ್ದರೆ, ಅಲ್ಲಿ ಒಬ್ಬರು ಕೂತು ಬೇರೆ ಪ್ರಾಂತದ ಕನ್ನಡ ಓದುತ್ತಿದ್ದರು ಅಂತ ತಾನೇ ಅರ್ಥ? ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಗಲಿನ ಕೆಲಸದ ಬಗ್ಗೆ ಜಾಸ್ತಿ ಹೇಳುವಂಥದ್ದು ಇಲ್ಲ. ಪಾಠ, ಸೆಮಿಸ್ಟರ್ ಪರೀಕ್ಷೆ, ಮೌಲ್ಯಮಾಪನ, ಕಡತ. ಚಳಿಗಾಲ ಅಂದರೆ ವಿಚಾರ ಸಂಕಿರಣಗಳ ಕಾಲ ಕೂಡ. ಮಧ್ಯಾಹ್ನ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿರುತ್ತೇನೆ. ವಿಭಾಗದ ಹೊರಗೆ ಬಿಸಿಲಿಗೆ ಕೂತು ಸಂಶೋಧನ ವಿದ್ಯಾರ್ಥಿಗಳ ಜೊತೆ ಉಣ್ಣುತ್ತೇನೆ. ಎಷ್ಟೋ ಗಂಟುಗಳು ಬಿಡಿಸುವುದು ಅಲ್ಲಿಯೇ.

ಒಂದು ಗಂಟಿನ ಉದಾಹರಣೆ ಕೊಡುತ್ತೇನೆ, ಹುಡುಗರು ಇದ್ದರೆ ಬರೆದುಕೊಳ್ಳಲಿ. ಹಳೆಯ ಕನ್ನಡ ಪತ್ರಿಕೆಗಳಲ್ಲಿ ಎಷ್ಟೋ ಸಲ ಸಂವತ್ಸರ, ಮಾಸ ಮಾತ್ರ ಇರುತ್ತದೆ. ‘ಅಕ್ಷಯ ಸಂವತ್ಸರ, ಪುಷ್ಯ’ ಅಂತ ಇದೆ ಅನ್ನೋಣ. ಪಟ್ಟಿ ನೋಡಿ ಅಕ್ಷಯ ಅಂದರೆ 1926 ಅಂತ ಬರೆದುಬಿಡುತ್ತಾರೆ. ಸಂವತ್ಸರ ಶುರುವಾಗುವುದು ಯುಗಾದಿಗೆ, ಜನವರಿಗೆ ಅಲ್ಲ. ಆ ಅಕ್ಷಯದ ಪುಷ್ಯಮಾಸ ಬಂದದ್ದು 1927ರ ಜನವರಿಯಲ್ಲಿ. ಚಳಿಗಾಲದ ಸಂಚಿಕೆಗಳಲ್ಲೇ ಈ ತಪ್ಪು ಜಾಸ್ತಿ. ಯಾವ ಲೇಖನ ಮೊದಲು, ಯಾವುದು ಅದಕ್ಕೆ ಉತ್ತರ ಅನ್ನುವುದೇ ತಿರುವು ಮುರುವು ಆಗಿಬಿಡುತ್ತದೆ.

ಇಂಗ್ಲಿಷ್ ಪತ್ರಿಕೆಯಲ್ಲಿ ಬೇರೆ ಥರದ ತೊಡಕು. ‘ಇಂಡಿಯನ್ ಆಂಟಿಕ್ವರಿ’ 1872ರಲ್ಲಿ ಮುಂಬಯಿಯಲ್ಲಿ ಶುರುವಾಯಿತು, ಜೇಮ್ಸ್ ಬರ್ಜೆಸ್ ಅದರ ಸಂಪಾದಕರು. ನಮ್ಮ ಸೀಮೆಯ ಶಾಸನಗಳನ್ನು ಜೆ.ಎಫ್. ಫ್ಲೀಟ್ ಅದರಲ್ಲೇ ಒಂದರ ಹಿಂದೆ ಒಂದರಂತೆ ಪ್ರಕಟಿಸಿದರು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ಹತ್ತನೇ ಸಂಪುಟದಲ್ಲಿ ಬಂತು, 1881ರಲ್ಲಿ. ತ್ರಿಪದಿಯ ಅಷ್ಟು ಹಳೆಯ ರೂಪ ಓದುಗರ ಕೈಗೆ ಬಂದದ್ದು ಹಾಗೆ. ಆದರೆ ನಮ್ಮ ಹುಡುಗರು ಸೂಚಿಯಲ್ಲಿ ವಿಜಯಪುರ ಜಿಲ್ಲೆ ಅಂತಲೋ ಬಾಗಲಕೋಟೆ ಅಂತಲೋ ಹುಡುಕುತ್ತಾರೆ. ಸಿಗುವುದಿಲ್ಲ. ಆಗ ಅದು ಕಲಾದಗಿ ಜಿಲ್ಲೆ. ಜಿಲ್ಲೆಯ ಕಚೇರಿ ಕಲಾದಗಿಯಿಂದ ವಿಜಯಪುರಕ್ಕೆ ಬಂದದ್ದು 1885ರಲ್ಲಿ. ಅದಕ್ಕೂ ಹಿಂದಿನ ಸಂಪುಟ ನೋಡುವವರು ಕಲಾದಗಿ ಅಂತಲೇ ಹುಡುಕಬೇಕು.

ಈ ಸಲದ ಎಳ್ಳ ಅಮಾವಾಸ್ಯೆಗೆ ಇಂಡಿ ಕಡೆಯ ಒಂದು ಊರಿಗೆ ಹೋಗಿದ್ದೆ. ಚರಗ ಚೆಲ್ಲಲು, ಅಂದರೆ ಹೊಲಕ್ಕೆ ನೈವೇದ್ಯ ಎರಚಲು, ಕರೆದಿದ್ದರು. ಬಿಳಿಜೋಳ ಎದೆಯುದ್ದ ನಿಂತಿತ್ತು, ಕಡಲೆ ಕಾಯಿ ಕಟ್ಟುತ್ತಿತ್ತು. ಹೊಲದಲ್ಲಿ ಪೂಜೆ ಮಾಡಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪುಂಡಿಪಲ್ಲೆ, ಕಡಬು, ಶೇಂಗಾ ಹೋಳಿಗೆ ಉಂಡು, ಸಂಜೆ ಮನೆಗೆ ಬಂದೆವು. ಮನೆಯ ಅಜ್ಜ ಕನ್ನಡ ಶಾಲೆಯ ಮಾಸ್ತರರಾಗಿದ್ದವರು, ತೀರಿಕೊಂಡು ಬಹಳ ವರ್ಷ ಆಗಿದೆ. ಅವರ ಸೊಸೆ, ಈಗ ಅವರೇ ಮನೆಯ ಹಿರಿಯರು, ಅಟ್ಟದಿಂದ ಒಂದು ಟ್ರಂಕು ಇಳಿಸಿಸಿದರು.

"ಮಾವಾರು ಇದನ್ನ ಯಾರಿಗೂ ಮುಟ್ಟಗೊಡತಿದ್ದಿಲ್ರೀ ಸರ್. ಹುಡುಗ್ರು ರದ್ದಿಗೆ ಹಾಕ್ತೀವಿ ಅಂತಾರ. ನೀವು ಒಮ್ಮೆ ನೋಡ್ರಿ, ಆಮ್ಯಾಲ ಏನರ ಮಾಡ್ಲಿ" ಅಂದರು.

ಹಳೆಯ ಧೋತರದಲ್ಲಿ ಕಟ್ಟಿದ ಗಂಟುಗಳು. ಒಂದನ್ನು ಬಿಚ್ಚಿದೆ. ಸಂಚಿಕೆಗಳನ್ನು ವರ್ಷದ ಪ್ರಕಾರ ಜೋಡಿಸಿ, ನಡುವೆ ಚೌಕ ಹಾಳೆ ಇಟ್ಟು, ಅದರ ಮೇಲೆ ಯಾವ ಸಂಚಿಕೆ ಬಂದಿಲ್ಲ ಅಂತ ಮಾಸ್ತರರು ಶಾಯಿಯಲ್ಲಿ ಬರೆದಿಟ್ಟಿದ್ದರು. ಪ್ರತಿ ಸಂಚಿಕೆಗೂ ಹೊದಿಕೆ ಇತ್ತು. ಮೊದಲ ಹೊದಿಕೆ ಒಂದು ಕಾಲಕ್ಕೆ ನೀಲಿ ಇದ್ದಿರಬೇಕು. ಅಂಚು ಕಂದಾಗಿತ್ತು, ನಡುವೆ ಮಾತ್ರ ನೀಲಿ ಉಳಿದಿತ್ತು. ಬೆನ್ನಿನ ತಂತಿ ತುಕ್ಕು ಹಿಡಿದು, ಸುತ್ತಲಿನ ಕಾಗದ ತಿಂದುಹಾಕಿ, ಎರಡು ಸಣ್ಣ ತೂತು ಮಾಡಿತ್ತು. ಒಳಬದಿಯಲ್ಲಿ ಒಂದು ಆಯುರ್ವೇದ ಔಷಧದ ಜಾಹೀರಾತು, ಒಂದು ಕೇಶತೈಲದ್ದು, ಕೆಳಗೆ ಸ್ವದೇಶಿ ಬಟ್ಟೆಯದು. ಔಷಧದ ಜಾಹೀರಾತಿನ ಪಕ್ಕ ಮಾಸ್ತರರು ಪೆನ್ಸಿಲಿನಲ್ಲಿ ಒಂದು ಗೀಟು ಎಳೆದಿದ್ದರು. ತರಿಸಬೇಕು ಅಂತ ಇದ್ದಿರಬಹುದು, ಮನೆಯಲ್ಲಿ ಯಾರಿಗೋ ಹುಷಾರಿರಲಿಲ್ಲವೋ ಏನೋ. ಸೊಸೆ ಆ ಗೀಟನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಮಕ್ಕಳ ಕಡೆ ತಿರುಗಿ, "ರದ್ದಿ ಮಾತು ಇನ್ನ ತಗೀಬ್ಯಾಡ್ರಿ" ಅಂದರು. ಆ ಟ್ರಂಕು ಅವರ ಮನೆಯಲ್ಲೇ ಇದೆ. ಅಲ್ಲಿಯೇ ಇರಲಿ ಅಂತ ನಾನೇ ಹೇಳಿದೆ. ಪುಟಗಳ ಚಿತ್ರ ತೆಗೆಯಲು ನಮ್ಮ ಹುಡುಗರು ಹೋಗಿ ಬರುತ್ತಿದ್ದಾರೆ.

ಅಲ್ಲೇ ಇರಲಿ ಅಂದದ್ದಕ್ಕೆ ಕಾರಣ ಇದೆ. ಈ ಊರಿನ ಪುಸ್ತಕಗಳು ಹೊರಗೆ ಹೋದ ಕಥೆ ನಿಮಗೆ ಗೊತ್ತಿರಬೇಕು. ಆದಿಲಶಾಹಿ ಅರಸರ ಗ್ರಂಥಾಲಯದಿಂದ ಉಳಿದಿದ್ದ ಅರಬಿ, ಫಾರಸಿ ಹಸ್ತಪ್ರತಿಗಳು ಅಸರ್ ಮಹಲಿನಲ್ಲಿ ಇದ್ದವು. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಇಂಗ್ಲಿಷರು ಅವನ್ನು ಲಂಡನ್ನಿಗೆ ಸಾಗಿಸಿದರು. ಅಲ್ಲಿ ಚೆನ್ನಾಗಿ ಕಾಪಾಡಿದ್ದಾರೆ, ಅದನ್ನು ಒಪ್ಪಬೇಕು. ಆದರೆ ಅಸರ್ ಮಹಲಿನ ಪಕ್ಕದ ಓಣಿಯಲ್ಲಿ ಬೆಳೆದ ಹುಡುಗನಿಗೆ ಅವುಗಳಲ್ಲಿ ಒಂದು ಹಾಳೆ ನೋಡಬೇಕಾದರೂ ಸಮುದ್ರ ದಾಟಬೇಕು. ಅದಕ್ಕೇ ಯಾರಾದರೂ ಗಂಟು ತಂದುಕೊಟ್ಟರೆ ನಾನು ಮೊದಲು ಕೇಳುವುದು, ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಲು ಆಗುತ್ತದಾ ಅಂತ.

ಇಟ್ಟುಕೊಳ್ಳುವುದು ಹೇಗೆ? ದುಡ್ಡು ಖರ್ಚು ಮಾಡುವ ಕೆಲಸ ಅಲ್ಲ ಇದು. ಚಳಿಗಾಲದ ಎಳೆಬಿಸಿಲಿಗೆ ಹಾಸಿಗೆ, ಕೌದಿ ಹಾಕುವಾಗ ಪುಸ್ತಕಗಳನ್ನೂ ಹರಡುವ ರೂಢಿ ಇದೆ. ದಯವಿಟ್ಟು ಬೇಡ. ನೇರ ಬಿಸಿಲು ಮರದ ತಿರುಳಿನ ಕಾಗದಕ್ಕೆ ವಿಷ. ನೆರಳಿನಲ್ಲಿ, ಗಾಳಿ ಆಡುವ ಕೋಣೆಯಲ್ಲಿ ಬಿಚ್ಚಿಡಿ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಬೇಡಿ. ಕೆಲವೇ ವರ್ಷದಲ್ಲಿ ಅದರ ಅಂಟು ಕಂದಾಗಿ ಅಕ್ಷರದೊಳಗೆ ಇಳಿಯುತ್ತದೆ, ಆಮೇಲೆ ಯಾರಿಂದಲೂ ತೆಗೆಯಲು ಆಗುವುದಿಲ್ಲ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಬೇವಿನ ಎಲೆಯನ್ನು ಪುಟಗಳ ನಡುವೆ ಇಡಬೇಡಿ, ಕಲೆ ಬೀಳುತ್ತದೆ. ದಿನಪತ್ರಿಕೆಯ ತುಣುಕು ಒಳಗೆ ಇದ್ದರೆ ಅದನ್ನು ತೆಗೆದು ಬೇರೆ ಇಡಿ, ಯಾವ ಪುಟದಲ್ಲಿ ಸಿಕ್ಕಿತು ಅಂತ ಬರೆದಿಡಿ. ಅದರ ಆಮ್ಲ ಪಕ್ಕದ ಪುಟಕ್ಕೂ ಹತ್ತುತ್ತದೆ. ತೊಳೆದ ಹತ್ತಿಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದ ಹಾಗೆ, ನೆಲದಿಂದ ಮೇಲೆ ಇಡಿ. ಬೈಂಡ್ ಮಾಡಿಸಲೇಬೇಕು ಅಂದರೆ ಬೈಂಡರ್ ಹತ್ತಿರ ನಿಂತು ಹೇಳಿ, ಹೊದಿಕೆ, ಜಾಹೀರಾತಿನ ಪುಟ ಎಲ್ಲಾ ಸೇರಿಸಿಯೇ ಹೊಲಿಯಪ್ಪ ಅಂತ. ಅವರು ನಿಮ್ಮ ಮಾತು ಕೇಳುತ್ತಾರೆ. ಹೇಳುವವರು ಇರುವುದಿಲ್ಲ, ಅಷ್ಟೇ.

ನನ್ನ ಮಾತು ಇಷ್ಟು. ಆಮೇಲೆ ಸಭೆಯಿಂದ ಪ್ರಶ್ನೆ ಬಂದವು. ಎರಡನ್ನು ಇಲ್ಲಿ ಸೇರಿಸಿದ್ದೇನೆ.

ಒಬ್ಬ ಯುವಕ ಕೇಳಿದ: "ಈಗ ಎಲ್ಲಾ ಸ್ಕ್ಯಾನ್ ಆಗ್ಯಾವಲ್ರೀ ಸರ್, ಮೊಬೈಲ್‌ನಾಗ ಸಿಗ್ತಾವು. ಮತ್ತ ಕಾಗದ ಯಾಕ ಬೇಕ್ರಿ?"

ಒಳ್ಳೆಯ ಪ್ರಶ್ನೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಸ್ಕ್ಯಾನುಗಳನ್ನು ನಾನೂ ದಿನಾ ಬಳಸುತ್ತೇನೆ. ಅವು ಇಲ್ಲದಿದ್ದರೆ ಇಲ್ಲಿ ಕೂತು ಎಷ್ಟೋ ಕೆಲಸ ಆಗುತ್ತಲೇ ಇರಲಿಲ್ಲ. ಆದರೆ ಸ್ಕ್ಯಾನ್ ಮಾಡುವುದು ಬಹಳ ಸಲ ಬೈಂಡ್ ಆದ ಸಂಪುಟವನ್ನು. ಹೊದಿಕೆ ಹೋಗಿರುವ ಸಂಪುಟ ಸ್ಕ್ಯಾನ್ ಆದರೆ ಹೊದಿಕೆ ಇಲ್ಲದ ಸ್ಕ್ಯಾನೇ ಸಿಗುತ್ತದೆ. ಎಷ್ಟೋ ಕಡತ ಬರೀ ಕಪ್ಪು ಬಿಳುಪು. ಪೆನ್ಸಿಲಿನ ಗೀಟು ಅದರಲ್ಲಿ ಮೂಡುವುದಿಲ್ಲ. ಹಾಗಾಗಿ ಸ್ಕ್ಯಾನ್ ಮಾಡೋಣ, ಬಣ್ಣದಲ್ಲಿ ಮಾಡೋಣ, ಮೊದಲ ಹೊದಿಕೆಯಿಂದ ಕೊನೆಯ ಹೊದಿಕೆಯ ತನಕ ಒಂದು ಪುಟವನ್ನೂ ಬಿಡದೆ ಮಾಡೋಣ. ಮಾಡಿದ ಮೇಲೆ ಕಾಗದವನ್ನು ಎಸೆಯದೆ ಇರೋಣ.

ಹಿಂದೆ ಕೂತಿದ್ದ ಒಬ್ಬ ತಾಯಿ ಎದ್ದು ನಿಂತರು. "ನಮ್ಮ ಮನ್ಯಾಗೂ ಒಂದು ಗಂಟು ಐತ್ರಿ. ಖರೇ ಅದರಾಗ ಯಾವುದೂ ಪೂರ್ತಿ ಇಲ್ಲ. ಒಂದರದ ಮುಂದಿನ ಹಾಳಿ ಇಲ್ಲ, ಒಂದರದ ಹಿಂದಿನ ಹಾಳಿ ಇಲ್ಲ. ಅಂಥಾದು ನಡೀತದೇನ್ರೀ?" ಅಂದರು.

ನಡೆಯುತ್ತದೆ ಅಮ್ಮ, ಖಂಡಿತ ನಡೆಯುತ್ತದೆ. ಬಿಚ್ಚಿ, ಝಾಡಿಸಿ, ಸ್ವಚ್ಛ ಮಾಡಿ ತರಬೇಕು ಅಂದುಕೊಳ್ಳಬೇಡಿ. ಅದೇ ಬಟ್ಟೆ, ಅದೇ ದಾರ, ಕಟ್ಟಿಟ್ಟವರು ಹೇಗೆ ಕಟ್ಟಿದ್ದರೋ ಹಾಗೇ ತನ್ನಿ. ಯಾವುದರ ಪಕ್ಕ ಯಾವುದನ್ನು ಇಟ್ಟಿದ್ದರು ಅನ್ನುವುದೂ ನಮಗೆ ಬೇಕು. ಬರುವ ಭಾನುವಾರ ಬೆಳಿಗ್ಗೆ, ಬಿಸಿಲು ಏರುವ ಮೊದಲು ಬನ್ನಿ. ನೀವೂ ಕೂಡಿ, ಒಟ್ಟಿಗೆ ಬಿಚ್ಚೋಣ.